ಎರಡು ಕಾರ್ಟರ್ ಕುಟುಂಬಗಳು ಬೆರೆತಿವೆ

ಅಮೆರಿಕದ ಗಾಯನ ತಂಡ ಚಕ್ ವ್ಯಾಗನ್ ಗ್ಯಾಂಗ್ ಶುರುವಾದದ್ದು 1927ರಲ್ಲೋ 1935ರಲ್ಲೋ ಎಂಬ ನಿಮ್ಮ ಗೊಂದಲಕ್ಕೆ ಬಹುಶಃ ಕಾರ್ಟರ್ ಎಂಬ ಮನೆತನದ ಹೆಸರೇ ಕಾರಣ. 1927ರಲ್ಲಿ ಅಮೆರಿಕದ ಬ್ರಿಸ್ಟಲ್‌ನಲ್ಲಿ ಹಾಡು ಧ್ವನಿಮುದ್ರಿಸಿದವರು ವರ್ಜೀನಿಯಾದ ಎ.ಪಿ. ಕಾರ್ಟರ್, ಸಾರಾ, ಮೇಬೆಲ್. ನೀವು ಹುಡುಕುತ್ತಿರುವ ಚಕ್ ವ್ಯಾಗನ್ ಗ್ಯಾಂಗ್‌ನವರು ಟೆಕ್ಸಾಸಿನ ಡಿ.ಪಿ. ಕಾರ್ಟರ್ ಮತ್ತು ಅವರ ಮಕ್ಕಳಾದ ರೋಸ್, ಆನಾ, ಜಿಮ್. ಇವರದು 1935ರಲ್ಲಿ ಲಬ್ಬಕ್‌ನಲ್ಲಿ ಆರಂಭ, 1936ರಲ್ಲಿ ಮೊದಲ ಧ್ವನಿಮುದ್ರಣ.

ಮೊದಲು ನಿಮ್ಮ ಟಿಪ್ಪಣಿಗಳನ್ನು ಊರಿನ ಹೆಸರು ನೋಡಿ ಬೇರ್ಪಡಿಸಿ. ಆಮೇಲೆ ಹಾಡು ಕೇಳಿ. ಆಟೋಹಾರ್ಪ್ ಎಂಬ ತಂತಿವಾದ್ಯ ಇದ್ದರೆ ವರ್ಜೀನಿಯಾದವರಿರಬೇಕು. ಒಂದೇ ಗಿಟಾರಿನ ಜೊತೆ ಗಂಡು ಹೆಣ್ಣು ನಾಲ್ಕು ದನಿ ಹೆಣೆದುಕೊಂಡಿದ್ದರೆ ಟೆಕ್ಸಾಸಿನವರು. ಎಷ್ಟು ಚೆಂದದ ಹೊಂದಾಣಿಕೆ ಅದು! ಶುರುವಿನ ಕೌಬಾಯ್ ಹಾಡುಗಳನ್ನು ಬೇರೆಯವರದೆಂದು ಬಿಡಬೇಡಿ, ಭಕ್ತಿಗೀತೆಗಳ ಜೊತೆ ಅವನ್ನೂ ಹಾಡಿದ್ದಾರೆ.

1950ರ ದಶಕದಿಂದ ಸದಸ್ಯರು ಬದಲಾದ್ದರಿಂದ ದನಿಯೊಂದರಿಂದಲೇ ವರ್ಷ ಹೇಳುವುದು ಕಷ್ಟ. ಅಂಥವಕ್ಕೆ ರೆಕಾರ್ಡಿನ ಲೇಬಲ್ ಸಂಖ್ಯೆ ಬರೆದುಕೊಂಡು ಹೋಲಿಸಿ.