ಸಂಪಾದಕರ ಉತ್ತರ: ಗ್ರೀಸಿನ ಜನ ಬೇಡವೆಂದದ್ದು ಯಾವುದನ್ನು?

ಕಳೆದ ಸಂಚಿಕೆಯಲ್ಲಿ ಗ್ರೀಸಿನ ಸಾಲದ ಬಿಕ್ಕಟ್ಟಿನ ಕುರಿತು ನಾವು ಪ್ರಕಟಿಸಿದ್ದ ಲೇಖನವನ್ನು ಓದಿ ಶಿರಸಿಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತರಾದ ಅವರು ಹೆಸರು ಹಾಕುವುದು ಬೇಡವೆಂದು ಕೋರಿದ್ದಾರೆ. ಪತ್ರದಲ್ಲಿ ಮೂರು ಆಕ್ಷೇಪಗಳಿವೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚದೆ ಸಾಲ ಮಾಡಿದ ದೇಶ ಮಿತವ್ಯಯ ಮಾಡಿ ತೀರಿಸಬೇಕಾದದ್ದು ನ್ಯಾಯ, ಬೀದಿಗಿಳಿದವರನ್ನು ನಿಮ್ಮ ಲೇಖನ ಅನಗತ್ಯವಾಗಿ ಹೊಗಳಿದೆ’ ಎಂಬುದು ಮೊದಲನೆಯದು. ‘ಆ ಚಳವಳಿಯ ನಡುವೆ ಮೂವರು ಬ್ಯಾಂಕ್ ನೌಕರರು ಸತ್ತದ್ದನ್ನು ನೀವು ಮುಚ್ಚಿಟ್ಟಿದ್ದೀರಿ’ ಎಂಬುದು ಎರಡನೆಯದು. ‘ಅವರೇ ಆರಿಸಿದ ಸರ್ಕಾರ ಕಡೆಗೆ ಅದೇ ಕರಾರಿಗೆ ಸಹಿ ಹಾಕಿತಲ್ಲ, ಹಾಗಾದರೆ ಐದು ವರ್ಷ ಕೂಗಿದ್ದರ ಫಲವೇನು?’ ಎಂಬುದು ಮೂರನೆಯದು.

ಮಾನ್ಯರೇ,

ಎರಡನೆಯ ಆಕ್ಷೇಪದಿಂದಲೇ ತೊಡಗುತ್ತೇನೆ, ಏಕೆಂದರೆ ಅದರಲ್ಲಿ ತಪ್ಪು ನಮ್ಮದು. 2010ರ ಮೇ 5ರಂದು, ಖರ್ಚು ಕಡಿತದ ಷರತ್ತಿನೊಂದಿಗೆ ಬಂದ ಮೊದಲ ಸಾಲದ ಕರಾರನ್ನು ವಿರೋಧಿಸಿ ಗ್ರೀಸಿನಾದ್ಯಂತ ಸಾರ್ವತ್ರಿಕ ಮುಷ್ಕರ ನಡೆದಿತ್ತು. ಅಥೆನ್ಸಿನ ಸ್ಟಾಡಿಯು ಬೀದಿಯಲ್ಲಿ ಮೆರವಣಿಗೆ ಸಾಗುತ್ತಿದ್ದಾಗ ಮುಸುಕುಧಾರಿಗಳು ಮಾರ್ಫಿನ್ ಬ್ಯಾಂಕಿನ ಶಾಖೆಗೆ ಪೆಟ್ರೋಲ್ ಬಾಂಬ್ ಎಸೆದರು. ಮುಷ್ಕರದ ದಿನವೂ ಕೆಲಸಕ್ಕೆ ಬಂದಿದ್ದ ಇಬ್ಬರು ಮಹಿಳೆಯರು ಮತ್ತು ಒಬ್ಬ ಯುವಕ ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ಮಹಿಳೆಯರಲ್ಲಿ ಒಬ್ಬರು ಗರ್ಭಿಣಿ. ಕಟ್ಟಡದ ಅಗ್ನಿ ಸುರಕ್ಷತೆಯಲ್ಲಿ ಲೋಪವಿತ್ತೆಂದು ಬ್ಯಾಂಕಿನ ಅಧಿಕಾರಿಗಳಿಗೆ 2013ರಲ್ಲಿ ಶಿಕ್ಷೆಯಾಯಿತು, ಆದರೆ ಅದರಿಂದ ಬೆಂಕಿ ಹಚ್ಚಿದವರ ಪಾಪ ಕಡಿಮೆಯಾಗುವುದಿಲ್ಲ. ಚಳವಳಿಯ ಕತೆ ಹೇಳುವಾಗ ಈ ಮೂವರನ್ನು ಬಿಟ್ಟು ಹೇಳಬಾರದಿತ್ತು. ಲೇಖನವನ್ನು ಪುಟಕ್ಕೆ ಹೊಂದಿಸುವಾಗ ಆ ಭಾಗವನ್ನು ಕತ್ತರಿಸಿದವನು ನಾನೇ ಆದ್ದರಿಂದ ಲೇಖಕರನ್ನು ಇದಕ್ಕೆ ಹೊಣೆ ಮಾಡಬೇಡಿ.

ಇನ್ನು ಹಾಸಿಗೆ ಮತ್ತು ಕಾಲಿನ ಮಾತು. ಗ್ರೀಸಿನ ಸರ್ಕಾರಗಳು ಲೆಕ್ಕ ಮುಚ್ಚಿಟ್ಟವೆಂಬುದು ಸುಳ್ಳಲ್ಲ. ಯೂರೋ ಕೂಟದ ನಿಯಮದಂತೆ ವಿತ್ತೀಯ ಕೊರತೆ ಜಿಡಿಪಿಯ ಶೇ 3ನ್ನು ಮೀರಬಾರದು. 2009ರ ಅಕ್ಟೋಬರಿನಲ್ಲಿ ಅಧಿಕಾರಕ್ಕೆ ಬಂದ ಜಾರ್ಜ್ ಪಾಪಾಂಡ್ರೂ ಅವರ ಸರ್ಕಾರ ಕಡತ ಬಿಚ್ಚಿದಾಗ ಆ ಕೊರತೆ ಶೇ 12ನ್ನು ದಾಟಿತ್ತು. ಮರುಪರಿಶೀಲನೆಯಾದಂತೆ ಶೇ 15ನ್ನೂ ಮೀರಿತು. ತೆರಿಗೆ ಕಳ್ಳತನವಂತೂ ಜಗಜ್ಜಾಹೀರು. ಅಥೆನ್ಸಿನ ಉತ್ತರದ ಸಿರಿವಂತ ಬಡಾವಣೆಗಳಲ್ಲಿ ಮನೆಯಲ್ಲಿ ಈಜುಕೊಳವಿದೆಯೆಂದು ತೆರಿಗೆ ಪತ್ರದಲ್ಲಿ ಬರೆದುಕೊಟ್ಟವರು 324 ಮಂದಿ. ಅಧಿಕಾರಿಗಳು ಉಪಗ್ರಹ ಚಿತ್ರ ತರಿಸಿ ಎಣಿಸಿದರೆ ಸಿಕ್ಕ ಕೊಳಗಳು ಸುಮಾರು 17 ಸಾವಿರ. ಕಾಲು ಚಾಚಿದವರು ಇದ್ದರು, ನಿಜ. ಆದರೆ ಹಾಸಿಗೆಯನ್ನು ಕತ್ತರಿಸಿದ್ದು ಯಾರ ಅಳತೆಗೆ ಎಂಬುದನ್ನು ನೋಡಿ. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಳ್ಳಲಾಗುವ ಶಿಕ್ಷಕರು, ದಾದಿಯರು, ಪಿಂಚಣಿದಾರರು ಮೊದಲು ಸಿಕ್ಕಿಬಿದ್ದರು. ಕ್ರಿಸ್‌ಮಸ್, ಈಸ್ಟರ್ ಮತ್ತು ಬೇಸಿಗೆ ರಜೆಗೆಂದು ಸರ್ಕಾರಿ ನೌಕರರಿಗೆ ಹಂಚಿ ಕೊಡುತ್ತಿದ್ದ 13 ಮತ್ತು 14ನೆಯ ತಿಂಗಳ ಸಂಬಳ ಮೊದಲು ಸೊರಗಿ ಆಮೇಲೆ ನಿಂತೇ ಹೋಯಿತು. ವ್ಯಾಟ್ ಶೇ 23ಕ್ಕೆ ಏರಿತು. 2012ರಲ್ಲಿ ಕನಿಷ್ಠ ವೇತನವನ್ನು ಒಂದೇ ಏಟಿಗೆ ತಿಂಗಳಿಗೆ 751 ಯೂರೋದಿಂದ 586ಕ್ಕೆ ಇಳಿಸಿದರು. 25 ವರ್ಷದೊಳಗಿನವರಿಗೆ 511.

ಸಾಲ ವಿಭಾಗದಲ್ಲಿದ್ದ ನಿಮಗೆ ಒಂದು ಸಂಗತಿಯನ್ನು ನೆನಪಿಸಲು ಸಂಕೋಚವಾಗುತ್ತದೆ. ನಮ್ಮ ಊರುಗಳ ಸಹಕಾರಿ ಸಂಘಗಳಲ್ಲಿ ಮಾರ್ಚ್ ಬಂತೆಂದರೆ ರೈತ ಎಲ್ಲಿಂದಲೋ ಕೈಸಾಲ ತಂದು ಬೆಳೆಸಾಲ ಕಟ್ಟುತ್ತಾನೆ, ಎರಡು ದಿನ ಬಿಟ್ಟು ಅದನ್ನೇ ಮತ್ತೆ ಎತ್ತಿ ಕೈಸಾಲ ತೀರಿಸುತ್ತಾನೆ. ಪುಸ್ತಕದಲ್ಲಿ ವಸೂಲಿ ನೂರಕ್ಕೆ ನೂರು. ರೈತನ ಜೇಬಿನಲ್ಲಿ ಉಳಿದದ್ದು ಕೈಸಾಲದ ಬಡ್ಡಿಯ ಹೊರೆ. 2010ರ ಮೇ ತಿಂಗಳಲ್ಲಿ ಯೂರೋ ದೇಶಗಳು 80 ಶತಕೋಟಿ, ಅಂತರರಾಷ್ಟ್ರೀಯ ಹಣಕಾಸು ನಿಧಿ 30 ಶತಕೋಟಿ ಯೂರೋ ಕೊಡಲು ಒಪ್ಪಿದಾಗ ಆದದ್ದು ಹೆಚ್ಚು ಕಡಿಮೆ ಇದೇ. ಹಣದ ಬಹುಪಾಲು ಹಳೆಯ ಬಾಂಡುಗಳ, ಅಂದರೆ ಸರ್ಕಾರದ ಸಾಲಪತ್ರಗಳ, ಅಸಲು ಬಡ್ಡಿಗೆ ಹೋಯಿತು. ಗ್ರೀಸಿಗೆ ಧಾರಾಳವಾಗಿ ಸಾಲ ಕೊಟ್ಟಿದ್ದ ಫ್ರಾನ್ಸ್ ಮತ್ತು ಜರ್ಮನಿಯ ಬ್ಯಾಂಕುಗಳಿಗೆ ಕೈ ಬಿಡಿಸಿಕೊಳ್ಳಲು ಎರಡು ವರ್ಷಗಳ ಬಿಡುವು ಸಿಕ್ಕಿತು. ಸಾಲ ಕೊಟ್ಟಿದ್ದ ಖಾಸಗಿಯವರು ತಮ್ಮ ಬಾಂಡುಗಳ ಮುಖಬೆಲೆಯ ಶೇ 53.5ನ್ನು ಬಿಟ್ಟುಕೊಟ್ಟದ್ದು 2012ರ ಮಾರ್ಚಿನಲ್ಲಿ, ಅಂದರೆ ಜಾಣರು ಜಾಗ ಖಾಲಿ ಮಾಡಿದ ಮೇಲೆ. ತಡಮಾಡಿದ್ದರಿಂದ ಖಾಸಗಿಯವರು ಪಾರಾಗಿ ಹೊರೆ ಸರ್ಕಾರಗಳ ತಲೆಗೆ ಬಂತೆಂದು ಹಣಕಾಸು ನಿಧಿಯೇ 2013ರ ಜೂನ್ ತಿಂಗಳ ತನ್ನ ಪರಾಮರ್ಶೆಯಲ್ಲಿ ಒಪ್ಪಿಕೊಂಡಿತು.

ನೀವು ಬಳಸಿದ ‘ಮಿತವ್ಯಯ’ ಎಂಬ ಪದದ ಬಗ್ಗೆ ಒಂದು ಮಾತು. ನಮ್ಮ ಪತ್ರಿಕೆಯೂ ಅದನ್ನು ಧಾರಾಳವಾಗಿ ಬಳಸಿದೆ. ಇನ್ನು ಬಳಸಬಾರದೆಂದು ತೀರ್ಮಾನಿಸಿದ್ದೇನೆ. ಮಿತವ್ಯಯ ಒಂದು ಗುಣ. ಮನೆಯ ಯಜಮಾನಿ ಎರಡು ದೀಪ ಆರಿಸಿ ಒಂದನ್ನು ಉಳಿಸಿಕೊಂಡಂತೆ. ಸರ್ಕಾರಿ ಆಸ್ಪತ್ರೆಯ ಔಷಧದ ಬಾಬ್ತು ಕಡಿಮೆ ಮಾಡುವುದು ಕಡಿತವೇ ಹೊರತು ಮಿತವ್ಯಯವಲ್ಲ. ಗ್ರೀಕರು ಸುತ್ತಿ ಬಳಸದೆ ಅದನ್ನು ‘ಮ್ನಿಮೋನಿಯೋ’ ಎಂದೇ ಕರೆದರು. ಒಡಂಬಡಿಕೆಯ ಪತ್ರ ಎಂದಷ್ಟೇ ಅರ್ಥ. ಕಾಗದದ ಹೆಸರೇ ಬೈಗುಳವಾಯಿತು.

ಮನೆಯ ಲೆಕ್ಕ ದೇಶಕ್ಕೆ ಹೊಂದದಿರುವುದು ಇನ್ನೊಂದು ಕಾರಣಕ್ಕೆ. ಮನೆಯವರು ಖರ್ಚು ಇಳಿಸಿದರೆ ಅವರ ಆದಾಯವೇನೂ ಇಳಿಯುವುದಿಲ್ಲ. ದೇಶದಲ್ಲಿ ಒಬ್ಬರ ಖರ್ಚೇ ಇನ್ನೊಬ್ಬರ ಗಳಿಕೆ. ಸರ್ಕಾರ ಒಂದು ರೂಪಾಯಿ ಕಡಿತ ಮಾಡಿದರೆ ಉತ್ಪಾದನೆ ಸುಮಾರು ಅರ್ಧ ರೂಪಾಯಿ ಕುಗ್ಗುತ್ತದೆಂಬ ಎಣಿಕೆಯಲ್ಲಿ ಮುನ್ನಂದಾಜುಗಳು ನಡೆದಿದ್ದವು. ನಿಜದಲ್ಲಿ ಅದು 90 ಪೈಸೆಯಿಂದ 1 ರೂಪಾಯಿ 70 ಪೈಸೆಯವರೆಗೆ ಇದ್ದಿರಬಹುದೆಂದು ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞ ಒಲಿವಿಯೆ ಬ್ಲಾಂಶಾರ್ ಮತ್ತು ಅವರ ಸಹೋದ್ಯೋಗಿ ಡೇನಿಯಲ್ ಲೀ 2012–13ರಲ್ಲಿ ಲೆಕ್ಕ ತೋರಿಸಿದರು. 2012ಕ್ಕೆ ಬೆಳವಣಿಗೆ ಮರಳುತ್ತದೆಂದು ಮೊದಲ ಯೋಜನೆಯಲ್ಲಿ ಬರೆದಿತ್ತು. ಆ ವರ್ಷ ಆರ್ಥಿಕತೆ ಸುಮಾರು ಶೇ 7ರಷ್ಟು ಕುಸಿಯಿತು. ಒಟ್ಟಾರೆ ದೇಶದ ಕಾಲುಭಾಗ ಉತ್ಪಾದನೆ ಕರಗಿತು, ನಿರುದ್ಯೋಗ ಶೇ 27ನ್ನು ದಾಟಿತು. ಜಿಡಿಪಿಗೆ ಹೋಲಿಸಿದರೆ ಸಾಲ ಇಳಿಯುವ ಬದಲು ಏರಿತು. ಸಾಲ ತೀರಿಸಬೇಕೆಂಬುದು ನಿಮ್ಮ ವಾದವಾದರೆ, ಆ ಮದ್ದು ಸಾಲ ತೀರಿಸುವ ಶಕ್ತಿಯನ್ನೇ ತಿಂದಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಜನ ಬೀದಿಗಿಳಿದದ್ದು ಈ ಸನ್ನಿವೇಶದಲ್ಲಿ. 2011ರ ಮೇ 25ರಿಂದ, ಸ್ಪೇನಿನ ಯುವಕರು ಹತ್ತು ದಿನ ಮೊದಲು ತೋರಿಸಿದ್ದ ದಾರಿಯಲ್ಲಿ, ಅಥೆನ್ಸಿನ ಸಂಸತ್ತಿನ ಮುಂದಿನ ಸಿಂಟಾಗ್ಮಾ ಚೌಕದಲ್ಲಿ ಸಾವಿರಾರು ಮಂದಿ ಬಂದು ಕೂತರು. ಚೌಕದ ಮೇಲ್ಭಾಗದಲ್ಲಿ ಬಾವುಟ ಹಿಡಿದವರು ಸಂಸತ್ತಿನತ್ತ ಐದೂ ಬೆರಳು ಅಗಲಿಸಿ ಅಂಗೈ ಚಾಚುತ್ತಿದ್ದರು. ನಮ್ಮ ದೇವಸ್ಥಾನಗಳಲ್ಲಿ ಅಭಯಹಸ್ತವೆನ್ನಿಸುವ ಆ ಭಂಗಿಗೆ ಅಲ್ಲಿ ‘ಮೂಂಜಾ’ ಎಂದು ಹೆಸರು, ಎದುರಿನವನ ಮುಖಕ್ಕೆ ಮಸಿ ಬಳಿಯುವಷ್ಟು ದೊಡ್ಡ ಅವಮಾನ. ಕೆಳಭಾಗದಲ್ಲಿ ಪ್ರತಿ ಸಂಜೆ ಸಭೆ. ಮಾತಾಡುವವರನ್ನು ಚೀಟಿ ಎತ್ತಿ ಆರಿಸಿ, ಗಡಿಯಾರ ಹಿಡಿದು ಸಮಯ ಕೊಡುತ್ತಿದ್ದರು. ಮೇಲಿನವರಿಗೂ ಕೆಳಗಿನವರಿಗೂ ಅಷ್ಟಾಗಿ ಹೊಂದುತ್ತಿರಲಿಲ್ಲ. ಜೂನ್ 28 ಮತ್ತು 29ರಂದು ಸಂಸತ್ತು ಹೊಸ ಕಡಿತಗಳಿಗೆ ಒಪ್ಪಿಗೆ ಕೊಡುವಾಗ 48 ಗಂಟೆಗಳ ಮುಷ್ಕರ ನಡೆಯಿತು. ಪೊಲೀಸರ ಅಶ್ರುವಾಯು ಚೌಕದ ಕೆಳಗಿನ ಮೆಟ್ರೋ ನಿಲ್ದಾಣದೊಳಗೂ ತುಂಬಿತು. ಎದೆಯುರಿಗೆ ಕುಡಿಯುವ ಬಿಳಿ ಔಷಧವನ್ನು ನೀರಿಗೆ ಬೆರೆಸಿ ಮುಖಕ್ಕೆ ಬಳಿದುಕೊಂಡ ಜನ, ಹಿಟ್ಟಿನ ಗಿರಣಿಯಿಂದ ಬಂದವರಂತೆ ಕಾಣುತ್ತಿದ್ದರು.

ಆದರೆ ನನ್ನ ಮಟ್ಟಿಗೆ ಚೌಕಕ್ಕಿಂತ ದೊಡ್ಡ ಸಂಗತಿ ಚೌಕದಿಂದ ಮನೆಗೆ ಹೋದವರು ಮಾಡಿದ್ದು. 2011ರ ಸೆಪ್ಟೆಂಬರಿನಲ್ಲಿ ಸರ್ಕಾರ ಹೊಸ ಆಸ್ತಿ ತೆರಿಗೆಯೊಂದನ್ನು ಕರೆಂಟ್ ಬಿಲ್ಲಿಗೆ ಸೇರಿಸಿತು; ತೆರಿಗೆ ಕಟ್ಟದಿದ್ದರೆ ವಿದ್ಯುತ್ ಕಡಿತ. ಜನ ಅದಕ್ಕೆ ‘ಹರಾತ್ಸಿ’ ಎಂದು ಹೆಸರಿಟ್ಟರು, ಆಟೊಮನ್ ತುರ್ಕರು ಅನ್ಯಧರ್ಮೀಯರಿಂದ ಎತ್ತುತ್ತಿದ್ದ ತಲೆಗಂದಾಯದ ಹೆಸರು. ವಿದ್ಯುತ್ ಕಂಪನಿಯ ನೌಕರರ ಸಂಘವೇ ಬಿಲ್ ಮುದ್ರಿಸುವ ಕಟ್ಟಡವನ್ನು ಆಕ್ರಮಿಸಿ ಕೂತಿತು; ನೆರೆಹೊರೆಯ ಸಮಿತಿಗಳು ಕಡಿದ ತಂತಿಗಳನ್ನು ಮರುಜೋಡಿಸಿಕೊಟ್ಟವು. ತೆರಿಗೆ ಸಿಂಧುವಾದರೂ ಅದಕ್ಕಾಗಿ ವಿದ್ಯುತ್ ಕಡಿಯುವಂತಿಲ್ಲವೆಂದು ಕಡೆಗೆ ಉನ್ನತ ಆಡಳಿತ ನ್ಯಾಯಾಲಯ ಹೇಳಿತು. ಇನ್ನೊಂದು ಗುಂಪು ‘ಡೆನ್ ಪ್ಲಿರೋನೋ’, ಅಂದರೆ ‘ಕಟ್ಟುವುದಿಲ್ಲ’ ಎನ್ನುತ್ತಾ ಹೆದ್ದಾರಿ ಟೋಲ್‌ಗಳ ಅಡ್ಡಗಂಬ ಎತ್ತಿ ವಾಹನ ಬಿಟ್ಟಿತು. ಉತ್ತರದ ಕಟೆರಿನಿ ಪಟ್ಟಣದಲ್ಲಿ 2012ರ ಆರಂಭದಲ್ಲಿ ಜನ ಮೊದಲೇ ಹೆಸರು ಬರೆಸಿ, ದಲ್ಲಾಳಿಗಳನ್ನು ಬದಿಗಿಟ್ಟು, ರೈತರ ಲಾರಿಯಿಂದಲೇ ಅಂಗಡಿಯ ಅರ್ಧಕ್ಕಿಂತ ಕಡಿಮೆ ದರಕ್ಕೆ ಆಲೂಗಡ್ಡೆ ಚೀಲ ಇಳಿಸಿಕೊಂಡರು. ರೈತನಿಗೂ ಕಾಸು ಹೆಚ್ಚು ಸಿಕ್ಕಿತು.

ಕೆಲಸ ಹೋದವರಿಗೆ ಕಾಲಕ್ರಮೇಣ ಆರೋಗ್ಯ ವಿಮೆಯೂ ಹೋಗುತ್ತಿತ್ತು. ಅಥೆನ್ಸಿನ ಹಳೆಯ ವಿಮಾನ ನಿಲ್ದಾಣದ ಬಳಿ, ಎಲಿನಿಕೋ ಎಂಬಲ್ಲಿ, 2011ರ ಡಿಸೆಂಬರಿನಲ್ಲಿ ವೈದ್ಯರು ಮತ್ತು ನೆರೆಯವರು ಸೇರಿ ಉಚಿತ ಚಿಕಿತ್ಸಾಲಯ ತೆರೆದರು. ಯಾರಿಂದಲೂ ನಗದು ಪಡೆಯುವುದಿಲ್ಲವೆಂಬುದು ಅವರ ಕಟ್ಟುಪಾಡು. ಉಳಿದ ಮಾತ್ರೆ, ಶಿಶುಗಳ ಹಾಲಿನ ಪುಡಿ ತಂದುಕೊಡಿ ಎನ್ನುತ್ತಿದ್ದರು; ಸ್ವಯಂಸೇವಕರು ತೇದಿ ನೋಡಿ ವಿಂಗಡಿಸಿ ಕಪಾಟಿಗೆ ಸೇರಿಸುತ್ತಿದ್ದರು. ಇಂಥ ಚಿಕಿತ್ಸಾಲಯಗಳು ಹಲವು ಊರುಗಳಲ್ಲಿ ಹುಟ್ಟಿಕೊಂಡವು. ವಿಮೆಯಿಲ್ಲದವರಿಗೂ ಸರ್ಕಾರಿ ಆಸ್ಪತ್ರೆಯ ಬಾಗಿಲು ತೆರೆದ ಕಾನೂನು 2016ರಲ್ಲಿ ಬಂತು.

ಇನ್ನೊಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. 2013ರಲ್ಲಿ ಹಣಕಾಸು ಸಚಿವಾಲಯ ತನ್ನ 595 ಕಸಗುಡಿಸುವ ಹೆಣ್ಣುಮಕ್ಕಳನ್ನು ಮನೆಗೆ ಕಳುಹಿಸಿ ಆ ಕೆಲಸವನ್ನು ಗುತ್ತಿಗೆಗೆ ಕೊಡಲು ಹೊರಟಿತು. ಅವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದವರು. ಕೆಂಪು ರಬ್ಬರ್ ಕೈಗವಸು ತೊಟ್ಟು ಸಚಿವಾಲಯದ ಬಾಗಿಲಿಗೆ ಬಂದ ಅವರು ತಿಂಗಳುಗಟ್ಟಲೆ ಅಲ್ಲಿಂದ ಕದಲಲಿಲ್ಲ. ಪೊಲೀಸರು ತಳ್ಳಿದರು, ಕೆಳಗಿನ ನ್ಯಾಯಾಲಯ ಇವರ ಪರ ತೀರ್ಪು ಕೊಟ್ಟಿತು, ಸರ್ಕಾರ ಮೇಲ್ಮನವಿ ಹಾಕಿತು. 2015ರಲ್ಲಿ ಅವರಿಗೆ ಕೆಲಸ ಮರಳಿ ಸಿಕ್ಕಿತು. ಶತಕೋಟಿಗಳ ಲೆಕ್ಕದಲ್ಲಿ 595 ಸಂಬಳ ಎಷ್ಟರದು?

ಅದೇ ಸಿಟ್ಟಿನ ಬೆಂಕಿಯಲ್ಲಿ ಕೈ ಕಾಯಿಸಿಕೊಂಡ ಗೋಲ್ಡನ್ ಡಾನ್ ಎಂಬ ನವನಾಜಿ ಪಕ್ಷ 2012ರ ಜೂನ್ ಚುನಾವಣೆಯಲ್ಲಿ 18 ಸ್ಥಾನ ಗೆದ್ದು ವಲಸಿಗರ ಮೇಲೆ ಬಿದ್ದದ್ದೂ ಈ ಕತೆಯ ಭಾಗವೇ. 2020ರಲ್ಲಿ ನ್ಯಾಯಾಲಯ ಅದನ್ನು ಅಪರಾಧಿ ಸಂಘಟನೆಯೆಂದು ಸಾರಿತು. ಬೀದಿಗೆ ಬಂದದ್ದೆಲ್ಲವೂ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ.

ನಿಮ್ಮ ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ಕಡಿತ ನಿಲ್ಲಿಸುತ್ತೇವೆಂದ ಸಿರಿಝಾ ಪಕ್ಷ 2015ರ ಜನವರಿಯಲ್ಲಿ 300ರಲ್ಲಿ 149 ಸ್ಥಾನ ಪಡೆದು, ಸಣ್ಣ ಪಕ್ಷವೊಂದರ ಜತೆಗೂಡಿ ಸರ್ಕಾರ ರಚಿಸಿತು. ಐದು ತಿಂಗಳ ಮಾತುಕತೆ ಮುರಿದು ಬಿದ್ದಾಗ, ಸಾಲ ಕೊಟ್ಟವರ ಷರತ್ತುಗಳನ್ನು ಒಪ್ಪಬೇಕೇ ಎಂದು ಕೇಳಿ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಜನಮತಗಣನೆ ಕರೆದರು. ಬ್ಯಾಂಕುಗಳು ಮುಚ್ಚಿದವು. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಿತಿ; 20ರ ನೋಟು ಮುಗಿದ ಕಡೆ ಕೈಗೆ ಬರುತ್ತಿದ್ದದ್ದು 50. ಆ ಸರದಿಯಲ್ಲಿ ನಿಂತೇ ಜುಲೈ 5ರಂದು ಶೇ 61ರಷ್ಟು ಮತದಾರರು ‘ಓಹಿ’, ಅಂದರೆ ‘ಬೇಡ’ ಎಂದರು. ಎಂಟು ದಿನಗಳ ನಂತರ, ರಾತ್ರಿಯಿಡೀ ನಡೆದ ಬ್ರಸೆಲ್ಸ್ ಸಭೆಯ ಕೊನೆಗೆ, ಸಿಪ್ರಾಸ್ ಒಪ್ಪಿ ಹೊರಬಂದರು. 86 ಶತಕೋಟಿ ಯೂರೋಗಳ ಮೂರನೆಯ ಸಾಲ, ಮತ್ತಷ್ಟು ಕಡಿತ. ಇದು ಸೋಲು, ಬೇರೆ ಹೆಸರಿಡಲು ನನಗೆ ಮನಸ್ಸಿಲ್ಲ.

ಆದರೆ ಆ ‘ಬೇಡ’ವನ್ನು ‘ಸಾಲ ಕಟ್ಟುವುದಿಲ್ಲ’ ಎಂದು ಓದಿದ್ದರಿಂದಲೇ ನಿಮಗೆ ಅದು ವ್ಯರ್ಥವೆಂದು ಕಂಡಿದೆ ಎಂದು ನನ್ನ ಅನಿಸಿಕೆ. ಹೊರೆಯನ್ನು ಯಾರ ತಲೆಗೆ ಎಷ್ಟು ಹಂಚಬೇಕೆಂಬುದನ್ನು ನಮ್ಮನ್ನು ಕೇಳದೆ ನಿರ್ಧರಿಸಬೇಡಿ ಎಂಬುದು ಅವರ ತಕರಾರಾಗಿತ್ತು. ದೊಡ್ಡ ಕರಾರಿನ ಮೇಜಿನಲ್ಲಿ ಆ ತಕರಾರು ಸೋತಿತು. ಕರೆಂಟ್ ಬಿಲ್ಲು, ಆಸ್ಪತ್ರೆಯ ಬಾಗಿಲು, ಕೆಂಪು ಕೈಗವಸು ಇವುಗಳ ಮಟ್ಟದಲ್ಲಿ ಅಲ್ಲೊಂದು ಇಲ್ಲೊಂದು ಗೆದ್ದಿತು. ನಿಮ್ಮ ಸೇವಾವಧಿಯಲ್ಲಿ ಸುಸ್ತಿದಾರರ ಪಟ್ಟಿ ಹಿಡಿದು ಮನೆಮನೆಗೆ ಹೋಗಿದ್ದನ್ನು ಪತ್ರದಲ್ಲಿ ಬರೆದಿದ್ದೀರಿ. ಅಸಲು ಒಬ್ಬನದು, ಜಪ್ತಿ ಮಾತ್ರ ಜಾಮೀನು ಹಾಕಿದವನ ಮನೆಯಲ್ಲಿ ಎಂಬಂಥ ಪ್ರಕರಣಗಳು ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತವೆ.

ಕನಿಷ್ಠ ವೇತನ ಹಿಂದಿನ ಮಟ್ಟಕ್ಕೆ ಎಂದಾದರೂ ಮರಳಿತೇ ಎಂದು ಪತ್ರದ ಅಂಚಿನಲ್ಲಿ ಕೇಳಿದ್ದೀರಿ. 2018ರ ಆಗಸ್ಟಿನಲ್ಲಿ ಸಾಲದ ಕಾರ್ಯಕ್ರಮ ಮುಗಿದ ಮೇಲೆ, 2019ರ ಫೆಬ್ರುವರಿಯಲ್ಲಿ ಅದನ್ನು 650 ಯೂರೋಗೆ ಏರಿಸಿ, ಯುವಕರಿಗಿದ್ದ ಕೆಳದರ್ಜೆಯ ದರವನ್ನು ತೆಗೆದುಹಾಕಿದರು. 751ನ್ನು ದಾಟಿ 780 ಆದದ್ದು 2023ರ ಏಪ್ರಿಲಿನಲ್ಲಿ, ಅದೂ ನಡುವಿನ 11 ವರ್ಷಗಳ ಬೆಲೆಯೇರಿಕೆಯನ್ನು ಲೆಕ್ಕಕ್ಕೆ ಹಿಡಿಯದೆ.