‘ರೂಪದರ್ಶಿಗೆ ಆರು ಪುಟ, ನಮಗೆಷ್ಟು?’

ಹೋದ ಸಂಚಿಕೆಯಲ್ಲಿ ಇಥಿಯೋಪಿಯಾದ ರೂಪದರ್ಶಿ ಲಿಯಾ ಕೆಬೆಡೆ ಬಗ್ಗೆ ಬಂದ ಲೇಖನ ಓದಿ, ಉತ್ತರ ಕರ್ನಾಟಕದ ಒಬ್ಬ ನಿವೃತ್ತ ಎ.ಎನ್.ಎಂ. (ಹಳ್ಳಿಯಲ್ಲಿ ಹೆರಿಗೆ ಮಾಡಿಸುವ ಸರ್ಕಾರಿ ನರ್ಸ್) ನಮಗೆ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಮುಖ್ಯ ಮಾತು ಇದು: ‘ಮೂವತ್ತೊಂದು ವರ್ಷ ಸಬ್‌ಸೆಂಟರಿನಲ್ಲಿ ಹೆರಿಗೆ ಮಾಡಿಸಿದೆ. ಲಾಟೀನು ಬೆಳಕಲ್ಲಿ ಮಾಡಿಸಿದ್ದೂ ಉಂಟು. ನಮ್ಮ ಬಗ್ಗೆ ಯಾರೂ ಬರೆಯಲಿಲ್ಲ. ಮೇಕಪ್ ಜಾಹೀರಾತಿಗೆ ನಿಂತವರು ಬಾಣಂತಿಯರ ಬಗ್ಗೆ ಎರಡು ಮಾತಾಡಿದರೆ ಆರು ಪುಟ. ಇದು ಸರೀನಾ?’

ಅಮ್ಮಾ, ನಮಸ್ಕಾರ.

ನಿಮ್ಮ ಪತ್ರ ಮೂರು ದಿನ ನನ್ನ ಮೇಜಿನ ಮೇಲೇ ಇತ್ತು. ಆ ಲೇಖನವನ್ನು ಮತ್ತೆ ಓದಿದೆ. ಆರು ಪುಟದಲ್ಲಿ ನಾಲ್ಕು ಪುಟ ಫೋಟೋ ಮತ್ತು ಫ್ಯಾಷನ್. ಹೆರಿಗೆಯ ವಿಷಯ ಕೊನೆಯ ಎರಡು ಪ್ಯಾರಾ. ಹೆರಿಗೆ ಮಾಡಿಸುವವರ ಬಗ್ಗೆ ಒಂದು ಸಾಲೂ ಇಲ್ಲ. ಇದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಅದನ್ನು ಲಿಯಾ ಅವರ ಮೇಲೆ ಹಾಕಬೇಡಿ.

ಲಿಯಾ 1978ರಲ್ಲಿ ಅಡಿಸ್ ಅಬಾಬಾದಲ್ಲಿ ಹುಟ್ಟಿದರು. ಶಾಲೆಯಲ್ಲಿದ್ದಾಗಲೇ ಒಬ್ಬ ಸಿನಿಮಾ ನಿರ್ದೇಶಕರ ಕಣ್ಣಿಗೆ ಬಿದ್ದರು. ಅಲ್ಲಿಂದ ಫ್ರಾನ್ಸ್, ಆಮೇಲೆ ನ್ಯೂಯಾರ್ಕ್. 2002ರ ಮೇ ತಿಂಗಳಲ್ಲಿ ಫ್ರಾನ್ಸಿನ ವೋಗ್ ಎಂಬ ಫ್ಯಾಷನ್ ಪತ್ರಿಕೆ ಇಡೀ ಸಂಚಿಕೆಯನ್ನು ಅವರಿಗೇ ಮೀಸಲಿಟ್ಟಿತು. ಮರುವರ್ಷ ಎಸ್ಟೀ ಲಾಡರ್ ಎಂಬ ಮೇಕಪ್ ಕಂಪನಿ ತನ್ನ ಜಾಹೀರಾತಿಗೆ ಅವರನ್ನು ಆರಿಸಿಕೊಂಡಿತು. ಕಂಪನಿ ಶುರುವಾಗಿ 57 ವರ್ಷವಾಗಿತ್ತು. ಅಲ್ಲಿಯವರೆಗೆ ಒಬ್ಬ ಕಪ್ಪು ಹೆಣ್ಣುಮಗಳಿಗೂ ಆ ಜಾಗ ಸಿಕ್ಕಿರಲಿಲ್ಲ. ಹುಡುಗಿ ಕಪ್ಪು ಅಂತ ಸಂಬಂಧ ಬೇಡವೆಂದು ಎದ್ದು ಹೋದವರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಹಾಗಾಗಿ ಇದು ಸಣ್ಣ ಸಂಗತಿ ಅಂತ ನನಗೆ ಅನಿಸುವುದಿಲ್ಲ.

2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ತಾಯಿ, ನವಜಾತ ಶಿಶು ಮತ್ತು ಮಕ್ಕಳ ಆರೋಗ್ಯದ ಸದ್ಭಾವನಾ ರಾಯಭಾರಿಯನ್ನಾಗಿ ಮಾಡಿತು. ಆ ಹೊತ್ತಿಗೆ ಅವರೂ ತಾಯಿಯಾಗಿದ್ದರು. ಅದೇ ವರ್ಷದ ಸಮೀಕ್ಷೆಯ ಪ್ರಕಾರ, ಅವರು ಹುಟ್ಟಿದ ದೇಶದಲ್ಲಿ ನೂರು ಹೆರಿಗೆಯಲ್ಲಿ ಸುಮಾರು ಆರಕ್ಕೆ ಮಾತ್ರ ತರಬೇತಿ ಪಡೆದವರು ಜೊತೆಗಿದ್ದರು. ಉಳಿದದ್ದೆಲ್ಲ ಅತ್ತೆ, ನೆರೆಯವರು, ಊರ ಸೂಲಗಿತ್ತಿ. ಕೆಲವೊಮ್ಮೆ ಯಾರೂ ಇಲ್ಲ. ರಕ್ತ ನಿಲ್ಲದೆ, ಫಿಟ್ಸ್ ಬಂದು, ನಂಜಾಗಿ, ಮಗು ಸಿಕ್ಕಿಕೊಂಡು ಹೋದ ಜೀವಗಳ ಲೆಕ್ಕ ನಿಮಗೆ ನಾನು ಹೇಳಬೇಕಾಗಿಲ್ಲ. ಮಗು ಸಿಕ್ಕಿಕೊಂಡು ದಿನಗಟ್ಟಲೆ ನೋವು ತಿಂದು ಬದುಕಿ ಉಳಿದವರದ್ದು ಇನ್ನೊಂದು ಕಥೆ. ಮೂತ್ರ ನಿಲ್ಲದೆ ಸೋರುತ್ತದೆ. ಇದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಗಂಡ ಬಿಡುತ್ತಾನೆ. ಊರು ದೂರ ಇಡುತ್ತದೆ. ಇವರಿಗಾಗಿಯೇ ಕ್ಯಾಥರೀನ್ ಮತ್ತು ರೆಜಿನಾಲ್ಡ್ ಹ್ಯಾಮ್ಲಿನ್ ಎಂಬ ವೈದ್ಯ ದಂಪತಿ 1974ರಲ್ಲಿ ಅಡಿಸ್ ಅಬಾಬಾದಲ್ಲಿ ಫಿಸ್ಟುಲಾ ಆಸ್ಪತ್ರೆ ಕಟ್ಟಿದರು. ಆಮೇಲೆ ಅಲ್ಲೇ ಸೂಲಗಿತ್ತಿಯರ ಕಾಲೇಜೂ ಆಯಿತು.

ಈಗ ನಮ್ಮ ಲೇಖನ ಬಿಟ್ಟುಬಿಟ್ಟ ಹೆಂಗಸರ ವಿಷಯಕ್ಕೆ ಬರುತ್ತೇನೆ. 2003ರಲ್ಲಿ ಇಥಿಯೋಪಿಯಾ ಸರ್ಕಾರ ಒಂದು ಕೆಲಸ ಶುರು ಮಾಡಿತು. ಅಲ್ಲಿನ ಕೆಬೆಲೆ ಅಂದರೆ ನಮ್ಮ ಗ್ರಾಮ ಪಂಚಾಯಿತಿಯ ಹಾಗೆ ಸುಮಾರು 5,000 ಜನರ ಘಟಕ. ಹಳ್ಳಿಗಾಡಿನ ಪ್ರತಿ ಕೆಬೆಲೆಗೆ ಇಬ್ಬರು ಹೆಣ್ಣುಮಕ್ಕಳು. ಅಲ್ಲಿಯವರೇ, ಹತ್ತನೇ ತರಗತಿ ಓದಿದವರು. ಒಂದು ವರ್ಷ ತರಬೇತಿ ಕೊಟ್ಟು ಆರೋಗ್ಯ ಕಾರ್ಯಕರ್ತೆಯರನ್ನಾಗಿ ಕಳಿಸಿದರು. ಹೀಗೆ 30,000ಕ್ಕೂ ಹೆಚ್ಚು ಜನ. ಇವರು ಮನೆ ಮನೆ ಸುತ್ತುತ್ತಾರೆ. ಯಾರು ಬಸುರಿ, ಯಾರಿಗೆ ಲಸಿಕೆ ಆಗಿಲ್ಲ, ಯಾರ ಕಾಲು ಊದಿದೆ, ಎಲ್ಲ ಗೊತ್ತು. ಇವರಿಗೆ ಸರ್ಕಾರದ ಸಂಬಳ ಇದೆ. ಎರಡು ವರ್ಷದ ನಂತರ ನಮ್ಮಲ್ಲಿ ಬಂದ ಆಶಾ ಕಾರ್ಯಕರ್ತೆಯರು ಇನ್ನೂ ಗೌರವಧನಕ್ಕಾಗಿ ಬೀದಿಗಿಳಿಯಬೇಕು. ಈ ಒಂದು ವ್ಯತ್ಯಾಸ ನನ್ನನ್ನು ಜಾಸ್ತಿ ಕಾಡುತ್ತದೆ.

ಇಥಿಯೋಪಿಯಾದಲ್ಲಿ, ಊರಿನಿಂದ ಆಸ್ಪತ್ರೆ ದೂರ ಇರುವ ಬಸುರಿಯರು ಕೊನೆಯ ವಾರಗಳಲ್ಲಿ ಬಂದು ಉಳಿದುಕೊಳ್ಳಲು ಆಸ್ಪತ್ರೆಯ ಪಕ್ಕದಲ್ಲೇ ಮನೆಗಳಿವೆ. ರಸ್ತೆ ಇಲ್ಲದ ಗುಡ್ಡದಲ್ಲಿ ಊರ ಗಂಡಸರು ಸ್ಟ್ರೆಚರ್ ಹೊತ್ತು ಇಳಿಸುತ್ತಾರೆ. 2000ದಲ್ಲಿ ಒಂದು ಲಕ್ಷ ಹೆರಿಗೆಗೆ 871 ತಾಯಂದಿರು ಸಾಯುತ್ತಿದ್ದರು. 2016ರ ಸಮೀಕ್ಷೆಯಲ್ಲಿ ಅದು 412. ಅದೂ ಬಹಳ ದೊಡ್ಡ ಸಂಖ್ಯೆಯೇ. ಆದರೆ ಇಳಿದಿದ್ದು ಆ ಹೆಣ್ಣುಮಕ್ಕಳ ಕಾಲ್ನಡಿಗೆಯಿಂದ. ಇದರ ಯಶಸ್ಸನ್ನು ಒಬ್ಬ ರೂಪದರ್ಶಿಗೆ ಕೊಟ್ಟರೆ ಅನ್ಯಾಯ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಪೂರ್ತಿ ಸರಿ.

ಹಾಗಾದರೆ ಲಿಯಾ ಯಾಕೆ ಬೇಕು? ನನ್ನ ಮನೆಯ ಒಂದು ವಿಷಯ ಹೇಳುತ್ತೇನೆ. ನನ್ನ ಚಿಕ್ಕಮ್ಮ ಮೂರನೇ ಹೆರಿಗೆಯಲ್ಲಿ ತೀರಿಕೊಂಡಳು. ರಕ್ತ ನಿಲ್ಲಲಿಲ್ಲ. ಗಾಡಿ ಕಟ್ಟಿಕೊಂಡು ಹೊರಟವರು ಹಳ್ಳದ ಹತ್ತಿರದಿಂದಲೇ ವಾಪಸ್ ಬಂದರು. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಹಣೆಬರಹ ಅಂದರು, ಸುಮ್ಮನಾದರು. ಬಸ್ಸು ಉರುಳಿ ಹತ್ತು ಜನ ಸತ್ತರೆ ಮಂತ್ರಿಗಳು ಓಡಿ ಬರುತ್ತಾರೆ. ಬಾಣಂತಿಯರು ಒಬ್ಬೊಬ್ಬರಾಗಿ, ಒಂದೊಂದು ಮನೆಯೊಳಗೆ, ಸದ್ದಿಲ್ಲದೆ ಹೋಗುತ್ತಾರೆ. 2023ರಲ್ಲಿ ಜಗತ್ತಿನಲ್ಲಿ ಹೀಗೆ ಹೋದವರು ಸುಮಾರು 2,60,000. ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಜನ ಸಹಾರಾದ ಕೆಳಗಿನ ಆಫ್ರಿಕಾದವರು.

ಈ ಸಾವುಗಳಿಗೆ ಗದ್ದಲ ಮಾಡುವವರು ಬೇಕು ಅಮ್ಮಾ. ಹಣ ಹಂಚುವ ಸಭೆಗಳಿಗೆ ಹಳ್ಳಿಯ ಕಾರ್ಯಕರ್ತೆಯನ್ನು ಕರೆಯುವುದಿಲ್ಲ. ಕರೆಯಬೇಕು, ಆದರೆ ಕರೆಯುವುದಿಲ್ಲ. ಲಿಯಾ ಅವರನ್ನು ಕರೆಯುತ್ತಾರೆ. ತಾನು ಎದ್ದು ನಿಂತರೆ ಕ್ಯಾಮೆರಾ ತಿರುಗುತ್ತದೆ ಅಂತ ಅವರಿಗೆ ಗೊತ್ತು. ಆ ಹೊತ್ತಿನಲ್ಲಿ ಅವರು ತಮ್ಮ ದೇಶದ ತಾಯಂದಿರ ಮಾತೆತ್ತುತ್ತಾರೆ. ಅದೂ ಒಂದು ದಿನ ಬಂದು ಹೋದ ಹಾಗಲ್ಲ. ಈ ಕೆಲಸಕ್ಕಾಗಿ 2005ರಲ್ಲೇ ತಮ್ಮದೇ ಒಂದು ಪ್ರತಿಷ್ಠಾನ ಕಟ್ಟಿದರು. 2007ರಲ್ಲಿ ಊರಿನ ಕೈಮಗ್ಗದ ನೇಕಾರರಿಗೆ ಗಿರಾಕಿ ಇಲ್ಲದ್ದು ಕಂಡು ಲೆಮ್ಲೆಮ್ ಅಂತ ಬಟ್ಟೆ ಕಂಪನಿ ತೆರೆದರು. ಅಮ್ಹಾರಿಕ್ ಭಾಷೆಯಲ್ಲಿ ಆ ಪದಕ್ಕೆ ಅರಳು, ಚಿಗುರು ಅನ್ನುವ ಅರ್ಥ.

ಇನ್ನು ನಿಮ್ಮ ವಿಷಯ. ಹೆರಿಗೆ ರಿಜಿಸ್ಟರ್‌ಗಳನ್ನು ಇಲಾಖೆಗೆ ಒಪ್ಪಿಸಿ ಬಂದಿರುತ್ತೀರಿ. ನೆನಪು ನಿಮ್ಮ ಹತ್ತಿರವೇ ಇದೆ. ಆ ಲಾಟೀನು ಬೆಳಕಿನ ಹೆರಿಗೆಯಿಂದಲೇ ಶುರು ಮಾಡಿ. ಬರೆಯೋದು ಕಷ್ಟ ಅನಿಸಿದರೆ ನಮ್ಮ ವರದಿಗಾರ್ತಿ ನಿಮ್ಮ ಮನೆಗೇ ಬರುತ್ತಾಳೆ. ಮುಂದಿನ ತಿಂಗಳ ಸಂಚಿಕೆಯಲ್ಲಿ ನಿಮಗಾಗಿ ಆರು ಪುಟ ಇಟ್ಟಿದ್ದೇನೆ. ಫೋಟೋ ಬೇಡ ಅಂದರೆ ಬೇಡ. ಹೆಸರು ಹಾಕಲು ಮಾತ್ರ ಈ ಸಲ ಒಪ್ಪಿಕೊಳ್ಳಿ.

– ಸಂಪಾದಕ