ಕೋಟೆ ಬಿಟ್ಟು ಮಾವನ ಕಾವಲಿ ಹತ್ತಿರ ಬನ್ನಿ

ಸೋದರಿ, ನಮಸ್ಕಾರ.

ಅಲ್ಪಾವಧಿ ನೆನಪಿನ, ಅಂದರೆ ಕೇಳಿದ್ದನ್ನು ಕಂಡದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುವ ನೆನಪಿನ, ಸಿದ್ಧಾಂತಗಳ ಬಗ್ಗೆ ಚಿತ್ರದುರ್ಗದಿಂದ ನೀವು ಕಳಿಸಿದ ‘ನೆನಪಿನ ಏಳು ಸುತ್ತಿನ ಕೋಟೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಭಾನುವಾರದ ಪುರವಣಿಗೆ ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ನಾಲ್ಕನೇ ಪುಟದಲ್ಲಿ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲ್ ಇಟ್ಟಿರುವ ನಿಮ್ಮ ಸೋದರಮಾವನ ಬಗ್ಗೆ ಆರು ಸಾಲು ಬರೆದಿದ್ದೀರಲ್ಲ, ಆ ಆರು ಸಾಲಿಗಾಗಿ ಇಷ್ಟುದ್ದ ಪತ್ರ ಬರೆಯುತ್ತಿದ್ದೇನೆ.

ಮೊದಲು ಕೋಟೆಯ ಮಾತು. ಮನುಷ್ಯನಿಗೆ ಒಂದು ಹೊತ್ತಿಗೆ ಸುಮಾರು ಏಳು ಸಂಗತಿ ನೆನಪಿರುತ್ತವೆ ಎಂದು ಮನಃಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ದುರ್ಗದ ಕೋಟೆಗೂ ಏಳು ಸುತ್ತು, ವಾರಕ್ಕೂ ಏಳು ದಿನ, ಸ್ವರಗಳೂ ಏಳು. ಹಾಗಾಗಿ ಏಳೇ ಮನಸ್ಸಿನ ಸಹಜ ಅಳತೆ ಎಂದು ವಾದಿಸಿದ್ದೀರಿ. ಮಿಲ್ಲರ್ ಕೂಡ ತಮ್ಮ ಪ್ರಬಂಧದ ಕೊನೆಗೆ ಇಂಥದ್ದೇ ಪಟ್ಟಿ ಕೊಡುತ್ತಾರೆ, ಅದರಲ್ಲೂ ವಾರದ ದಿನಗಳು, ಸ್ವರಗಳು ಇವೆ. ಕೊಟ್ಟು, ಇದೆಲ್ಲ ದಾರಿ ತಪ್ಪಿಸುವ ಕಾಕತಾಳೀಯ ಇರಬಹುದು ಎಂಬ ಅನುಮಾನವನ್ನೂ ಹೇಳುತ್ತಾರೆ. ಆ ಅನುಮಾನ ನಿಮ್ಮ ಲೇಖನದಲ್ಲಿ ಬಂದೇ ಇಲ್ಲ. 2001ರಲ್ಲಿ ನೆಲ್ಸನ್ ಕೋವನ್ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಒಳಗೊಳಗೇ ಹೇಳಿಕೊಳ್ಳಲು, ಗುಂಪು ಕಟ್ಟಿಕೊಳ್ಳಲು ಅವಕಾಶ ಸಿಗದಿದ್ದರೆ ಉಳಿಯುವುದು ಸುಮಾರು ನಾಲ್ಕೇ ಎಂದರು. ನಾಲ್ಕು ಎಂದಾದ ಮೇಲೆ ಕೋಟೆಯ ಹೋಲಿಕೆಯನ್ನು ಕೈಬಿಡಲೇಬೇಕು.

ನಂತರದ ಎರಡು ಪುಟದಲ್ಲಿ ಸಿದ್ಧಾಂತಕ್ಕೊಂದು ಪ್ಯಾರಾ, ಪ್ರತಿ ಪ್ಯಾರಾದಲ್ಲೂ ಮೂರು ಗುಣ, ಮೂರು ದೋಷ. ಬಿ.ಎಡ್. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಬೀಳುತ್ತದೆ. ಓದುಗರಿಗೆ ಮಾತ್ರ ಯಾವ ಸಿದ್ಧಾಂತ ಎಲ್ಲಿ ಮುರಿಯಿತು ಎಂದು ಗೊತ್ತಾಗಬೇಕು. ಆಟ್ಕಿನ್‌ಸನ್ ಮತ್ತು ಶಿಫ್ರಿನ್ 1968ರಲ್ಲಿ ಕೊಟ್ಟ ಚಿತ್ರದಲ್ಲಿ ಯಾವ ಸಂಗತಿಯಾದರೂ ಅಲ್ಪಾವಧಿ ನೆನಪನ್ನು ದಾಟಿಕೊಂಡೇ ದೀರ್ಘಾವಧಿ ನೆನಪಿಗೆ ಹೋಗಬೇಕು. ಎರಡೇ ವರ್ಷಕ್ಕೆ ಶಾಲಿಸ್ ಮತ್ತು ವಾರಿಂಗ್ಟನ್ ಒಬ್ಬ ರೋಗಿಯ ಬಗ್ಗೆ ಬರೆದರು. ಕೆ.ಎಫ್. ಎಂಬ ಎರಡಕ್ಷರದಿಂದಷ್ಟೇ ಪರಿಚಿತನಾದ ಆತ, ಕಿವಿಯಲ್ಲಿ ಕೇಳಿದ ಅಂಕಿಗಳಲ್ಲಿ ಒಂದೆರಡನ್ನು ಮಾತ್ರ ತಿರುಗಿ ಹೇಳಬಲ್ಲವನಾಗಿದ್ದ. ಆದರೂ ಹೊಸದನ್ನು ಕಲಿತು ಬಹುಕಾಲ ನೆನಪಿಡುತ್ತಿದ್ದ. ಬಾಗಿಲೇ ಕೆಟ್ಟಿರುವಾಗ ಸಾಮಾನು ಒಳಮನೆಗೆ ಹೋದದ್ದು ಹೇಗೆ? ಈ ಪ್ರಶ್ನೆಯಿಂದಲೇ ಲೇಖನ ಶುರುವಾಗಬಹುದಿತ್ತು. ನೀವು ಕೆ.ಎಫ್.ನನ್ನು ‘ಇತರ ಟೀಕೆಗಳು’ ಎಂಬಲ್ಲಿ ಅರ್ಧ ಸಾಲಿಗೆ ಮುಗಿಸಿದ್ದೀರಿ. ಅದು ನನಗೆ ನಿಜವಾಗಿ ಬೇಸರ ತಂದಿತು.

ಈಗ ಮಾವನ ಹೋಟೆಲು. “ಎರಡು ಬೆಣ್ಣೆ, ಒಂದು ಖಾಲಿ, ಮೂರು ಓಪನ್” ಎಂದು ತುಟಿಯಲ್ಲೇ ಅಂದುಕೊಳ್ಳುತ್ತ ಮಾವ ಕಾವಲಿಗೆ ಹಿಟ್ಟು ಹುಯ್ಯುತ್ತಾರೆ, ಬೆಣ್ಣೆ ಹಾಕುತ್ತಾರೆ, ಮಗುಚುತ್ತಾರೆ, ಲೆಕ್ಕ ತಪ್ಪುವುದಿಲ್ಲ. ಯಾರೋ ಬಂದು “ಅಣ್ಣಾ, ಐನೂರಕ್ಕೆ ಚಿಲ್ಲರೆ ಐತಾ?” ಅಂದರೆ ಮಾತ್ರ ಆರ್ಡರ್ ಹಾರಿಹೋಗುತ್ತದೆ. ಕೈ ಕೆಲಸ ಕೆಡಿಸದ್ದನ್ನು ಮಾತು ಕೆಡಿಸಿತು! ಬ್ಯಾಡ್ಲಿ ಮತ್ತು ಹಿಚ್ 1974ರಲ್ಲಿ ಹೇಳಿದ್ದು ಇದಕ್ಕೆ ಎಷ್ಟು ಹತ್ತಿರ ನೋಡಿ. ಕೇಳಿದ್ದನ್ನು ಒಳದನಿಯಲ್ಲಿ ತಿರುಗಿಸುತ್ತಿರುವ ಭಾಗ ಒಂದು, ಕಂಡದ್ದನ್ನು, ಜಾಗವನ್ನು ಹಿಡಿದಿಡುವ ಭಾಗ ಇನ್ನೊಂದು, ಇವೆರಡನ್ನೂ ನಡೆಸುವ ಕೇಂದ್ರ ಮೇಲೊಂದು. ಕೆ.ಎಫ್.ನಿಗೆ ಪೆಟ್ಟು ಬಿದ್ದದ್ದು ಮೊದಲನೆಯದಕ್ಕೆ ಎಂದರೆ ಆ ಒಗಟೂ ಬಹುಮಟ್ಟಿಗೆ ಬಿಡುತ್ತದೆ. ಆದರೆ ಆ ಕೇಂದ್ರ ಹೇಗೆ ಕೆಲಸ ಮಾಡುತ್ತದೆ ಎಂಬುದು ಮಸುಕು. ಬ್ಯಾಡ್ಲಿಯವರೇ ಅದನ್ನು ಒಪ್ಪಿಕೊಂಡವರು. 2000ದಲ್ಲಿ ಅವರು ನಾಲ್ಕನೆಯ ಭಾಗವೊಂದನ್ನು ಸೇರಿಸಬೇಕಾಯಿತು. ನಿಮ್ಮ ಮೌಲ್ಯಮಾಪನ ಇಲ್ಲಿ ಗಟ್ಟಿಯಾಗಬೇಕು.

ಇನ್ನೊಂದು ಸಂಗತಿ ನೀವು ಮುಟ್ಟಿಯೇ ಇಲ್ಲ. ನಮ್ಮ ಜನ ಇಡೀ ಮಾತು ಕನ್ನಡದಲ್ಲಿ ಆಡಿ, ಮೊಬೈಲ್ ನಂಬರ್ ಬಂದ ಕೂಡಲೇ “ನೈನ್ ಏಯ್ಟ್ ಡಬಲ್ ಫೋರ್” ಅನ್ನುತ್ತಾರೆ. ಸೊನ್ನೆಯಿಂದ ಒಂಬತ್ತರವರೆಗೆ ಕನ್ನಡದ ಯಾವ ಅಂಕಿಯೂ ಒಂದೇ ಅಕ್ಷರದಲ್ಲಿ ಮುಗಿಯುವುದಿಲ್ಲ. ಪದ ಉದ್ದವಾದಷ್ಟೂ ಒಳದನಿಯಲ್ಲಿ ತಿರುಗಿಸಲು ಹೆಚ್ಚು ಹೊತ್ತು ಬೇಕು. ವೇಲ್ಸ್ ಭಾಷೆಯ ಅಂಕಿಗಳನ್ನು ಹೇಳಲು ಇಂಗ್ಲಿಷಿಗಿಂತ ಹೆಚ್ಚು ಹೊತ್ತು ಬೇಕು, ಎರಡೂ ಬಲ್ಲವರಿಗೆ ವೇಲ್ಸ್ ಭಾಷೆಯಲ್ಲಿ ಕಡಿಮೆ ಅಂಕಿ ನೆನಪಿರುತ್ತವೆ ಎಂದು 1980ರಲ್ಲಿ ಎಲ್ಲಿಸ್ ಮತ್ತು ಹೆನ್ನೆಲಿ ತೋರಿಸಿದ್ದರು. ಪದದ ಉದ್ದವೊಂದೇ ಕಾರಣವಲ್ಲ ಎನ್ನುವವರೂ ಇದ್ದಾರೆ. ನಮ್ಮವರು ಇಂಗ್ಲಿಷ್ ಹಿಡಿಯುವುದು ರೂಢಿಯಿಂದಲೂ ಇರಬಹುದು. ನಿಮ್ಮ ತರಗತಿಯವರಿಗೆ ಎರಡೂ ಭಾಷೆಯಲ್ಲಿ ಅಂಕಿ ಹೇಳಿ ನೋಡಿ.

ವಾಕ್ಯಗಳ ಬಗ್ಗೆ ಒಂದೇ ಮಾತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನಿಮ್ಮ ಮೂರನೇ ಪುಟದ ಒಂದು ವಾಕ್ಯ ಒಂಬತ್ತು ಸಾಲು ಓಡುತ್ತದೆ. ಅಷ್ಟೂ ದೂರ ಓದುಗರು ಕರ್ತೃಪದವನ್ನು ನೆನಪಲ್ಲಿ ಹೊತ್ತುಕೊಂಡೇ ನಡೆಯಬೇಕು. ಮಾವ ಎಷ್ಟು ಆರ್ಡರ್ ಹೊರಬಲ್ಲರೋ ಓದುಗರೂ ಅಷ್ಟೇ ಹೊರಬಲ್ಲರು. ತುಂಡು ಮಾಡಿ.

ಹೋಟೆಲಿನಲ್ಲಿ ನಾಲ್ಕು ಬೆಳಿಗ್ಗೆ ಕೂತುಕೊಳ್ಳಿ. ಮಾತಾಡಿಸಿದಾಗ ಎಷ್ಟು ಸಲ ತಪ್ಪಿತು, ಬರೀ ಕೈಸನ್ನೆ ಮಾಡಿದಾಗ ಎಷ್ಟು ಸಲ ತಪ್ಪಿತು, ಎರಡನ್ನೂ ಬೇರೆ ಬೇರೆ ಗುರುತು ಹಾಕಿ. ಊಹೆ ಸುಳ್ಳಾದರೆ ಸುಳ್ಳಾಯಿತೆಂದೇ ಬರೆಯಿರಿ, ಅದನ್ನೂ ನಾನು ಪ್ರಕಟಿಸುತ್ತೇನೆ. ಮಾವನ ಒಪ್ಪಿಗೆ ಕೇಳುವುದು ಮರೆಯಬೇಡಿ.

ನಿಮ್ಮ
ಸಂಪಾದಕ, ದಾವಣಗೆರೆ